ಹೆಸರಿಲ್ಲದ ಎಲುಬು

ಕಲಬುರಗಿ ಭಾಗದ ದಿನಪತ್ರಿಕೆಗಳ ಒಳಪುಟದಲ್ಲಿ ಒಂದು ಸಣ್ಣ ಸುದ್ದಿ ಆಗಾಗ ಕಾಣಿಸುತ್ತದೆ. ತಲೆಬರಹ ಬಹುಪಾಲು ಒಂದೇ: ‘ಅಪರಿಚಿತ ಶವ ಪತ್ತೆ’. ಜಾಗ ವಾಡಿ ಜಂಕ್ಷನ್ನಿನ ಹಳಿಯ ಪಕ್ಕವಿರಬಹುದು, ಶಹಾಬಾದಿನ ನೀರು ತುಂಬಿದ ಹಳೆಯ ಕಲ್ಲುಗಣಿ ಇರಬಹುದು, ಚಿಂಚೋಳಿಯ ಕಾಡಂಚು ಇರಬಹುದು. ಅದರ ಕೆಳಗಿನ ಒಕ್ಕಣೆಯೂ ನಮಗೆಲ್ಲ ಬಾಯಿಪಾಠ. ಅಂದಾಜು ವಯಸ್ಸು ಇಷ್ಟು, ಎತ್ತರ ಇಷ್ಟು ಅಡಿ, ಸಾಧಾರಣ ಮೈಕಟ್ಟು, ಗೋಧಿ ಮೈಬಣ್ಣ, ದುಂಡು ಮುಖ, ತಿಳಿನೀಲಿ ಅಂಗಿ. ವಾರಸುದಾರರಿದ್ದಲ್ಲಿ ಠಾಣೆಯನ್ನು ಸಂಪರ್ಕಿಸಬೇಕು.

ಈಗ ಇದೇ ಒಕ್ಕಣೆಯಿಂದ ಮಾಂಸ, ಚರ್ಮ, ಬಟ್ಟೆಗಳನ್ನು ತೆಗೆದುಹಾಕಿ ನೋಡಿ. ಗೋಧಿ ಮೈಬಣ್ಣ ಹೋಯಿತು, ದುಂಡು ಮುಖ ಹೋಯಿತು, ಸಾಧಾರಣ ಮೈಕಟ್ಟೂ ಹೋಯಿತು. ಉಳಿಯುವುದು ಗಂಡೋ ಹೆಣ್ಣೋ, ವಯಸ್ಸೆಷ್ಟು, ಎತ್ತರವೆಷ್ಟು ಎಂಬ ಮೂರು ಸಂಗತಿ. ಅವನ್ನೂ ಎಲುಬು ತಾನಾಗಿ ಹೇಳುವುದಿಲ್ಲ, ಕೇಳಲು ಬಲ್ಲವರು ಕೇಳಬೇಕು. ಹಾಗೆ ಕೇಳುವವರನ್ನು ವಿಧಿವಿಜ್ಞಾನ ಮಾನವಶಾಸ್ತ್ರಜ್ಞರು ಎನ್ನುತ್ತಾರೆ. ಅಮೆರಿಕದಲ್ಲಿ ಹುಟ್ಟಿ ಅಪರಾಧ ಧಾರಾವಾಹಿಗಳ ಮೂಲಕ ನಮ್ಮ ಮನೆಗೆ ಬಂದ ಕಸುಬು ಇದು ಎಂದು ಅನೇಕರು ತಿಳಿದಿದ್ದಾರೆ. ಆದರೆ ಭೂಮಿಯಿಂದ ತೆಗೆದ ಅಸ್ಥಿಪಂಜರವನ್ನು ನೋಡಿ ‘ಇವರು ಯಾರು, ಹೇಗೆ ಸತ್ತರು’ ಎಂದು ಕೇಳಿ, ಉತ್ತರವನ್ನು ನಕ್ಷೆಸಮೇತ ಬರೆದಿಟ್ಟ ಕೆಲಸ ಭೀಮಾ ನದಿಯ ದಂಡೆಯಲ್ಲಿ ಸುಮಾರು 170 ವರ್ಷಗಳ ಹಿಂದೆಯೇ ನಡೆದಿದೆ. ಆ ಉತ್ತರವನ್ನು ಇಂದು ನಾವು ಒಪ್ಪಲಾರೆವು. ಯಾಕೆ ಒಪ್ಪಲಾರೆವು ಎಂಬುದನ್ನು ಬಿಡಿಸಿ ನೋಡಿದರೆ ಈ ವಿದ್ಯೆಯ ಒಳಗುಟ್ಟು ತಿಳಿಯುತ್ತದೆ.

ಟೇಲರ್ ಕಂಡ ತಲೆಬುರುಡೆಗಳು

ಚಿಂಚೋಳಿ ಕಡೆಯಿಂದ ಬರುವ ಮುಲ್ಲಾಮಾರಿ ಕಾಗಿಣಾ ನದಿಯನ್ನು ಸೇರುತ್ತದೆ. ಕಾಗಿಣಾ ಸೇಡಂ ತಾಲ್ಲೂಕಿನ ಮಳಖೇಡವನ್ನು ಹಾದು, ಶಹಾಬಾದ್ ಸಮೀಪ ಹೊನಗುಂಟಾದಲ್ಲಿ ಭೀಮೆಗೆ ಕೂಡುತ್ತದೆ. ಅಲ್ಲಿಂದ ಭೀಮೆಯ ಮೇಲ್ಮುಖವಾಗಿ ಹೋದರೆ ಬಹಮನಿ ಸುಲ್ತಾನ ಫಿರೋಜ್ ಷಾ ಕಟ್ಟಿಸಿದ ಫಿರೋಜಾಬಾದಿನ ಹಾಳುಕೋಟೆ. ಅದರ ಆಚೆಯ ಸೀಮೆ ಜೇವರ್ಗಿ. ಇದೇ ಜೇವರ್ಗಿಯ ಬಳಿ ಕಲ್ಲುಗಳ ವರ್ತುಲ, ಮೇಲೆ ಕಲ್ಲುಗುಪ್ಪೆ ಇರುವ ಪ್ರಾಚೀನ ಗೋರಿಗಳನ್ನು ಅಗೆಸಿದವನು ಫಿಲಿಪ್ ಮೆಡೋಸ್ ಟೇಲರ್. 1841ರಿಂದ 1853ರವರೆಗೆ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡ ಈ ಅಧಿಕಾರಿಯ ಹೆಸರು ನಮ್ಮ ಭಾಗದವರಿಗೆ ಹೊಸದಲ್ಲ. ಗೋರಿಗಳ ಕುರಿತ ಅವನ ಬರಹಗಳು ಮೊದಲು ಮುಂಬೈಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿಯೂ ಆಮೇಲೆ ರಾಯಲ್ ಐರಿಷ್ ಅಕಾಡೆಮಿಯ ಸಂಪುಟದಲ್ಲಿಯೂ ಪ್ರಕಟವಾದವು.

ಗೋರಿಗಳೊಳಗೆ ಮಡಕೆಗಳಿದ್ದವು, ಕಬ್ಬಿಣದ ಆಯುಧಗಳಿದ್ದವು, ಮನುಷ್ಯರ ಎಲುಬುಗಳಿದ್ದವು. ಕೆಲವು ಕಡೆ ತಲೆಬುರುಡೆ ದೇಹದಿಂದ ಬೇರೆಯಾಗಿ ಬಿದ್ದಿತ್ತು. ಇವರು ತಾವಾಗಿ ಸತ್ತವರಲ್ಲ, ಯಾರೋ ದೊಡ್ಡವರ ಸಾವಿನ ಜೊತೆಗೆ ತಲೆ ಕಡಿದು ಬಲಿಕೊಟ್ಟವರು ಎಂದು ಟೇಲರ್ ತೀರ್ಮಾನಿಸಿದ. ಗೋರಿ ಕಟ್ಟಿದವರು ಮಧ್ಯ ಏಷ್ಯಾದಿಂದ ಬಂದ ಸಿಥಿಯನ್ನರ ಕಡೆಯವರಿರಬೇಕೆಂಬುದು ಅವನ ಇನ್ನೊಂದು ಊಹೆ. ಯುರೋಪಿನಲ್ಲಿ ಕಂಡ ಕಲ್ಲುಗೋರಿಗಳಿಗೂ ಇವಕ್ಕೂ ಇದ್ದ ಹೋಲಿಕೆ ಅವನನ್ನು ಆ ಕಡೆ ಎಳೆದಿತ್ತು.

ಈ ಮನುಷ್ಯ 1839ರಲ್ಲಿಯೇ ಥಗ್ಗರ ಕುರಿತ ಕಾದಂಬರಿ ಬರೆದು ಲಂಡನ್ನಿನಲ್ಲಿ ಹೆಸರಾಗಿದ್ದ ಎಂಬುದನ್ನು ನೆನೆಯಬೇಕು. ದಾರಿಹೋಕರನ್ನು ಕೊರಳು ಬಿಗಿದು ಕೊಂದು ಹೂಳುವವರ ಕಥೆ ಅದು. ಥಗ್ಗರ ವಿಚಾರಣೆಗಳಲ್ಲಿ ಸಾಕ್ಷಿದಾರನಾಗಿ ತಿರುಗಿದವನು ಜಾಗ ತೋರಿಸುವುದು, ಅಲ್ಲಿ ಅಗೆದರೆ ಹೆಣ ಸಿಗುವುದು ನಡೆದಿತ್ತು. ಅಂಥ ಕಾಲದಲ್ಲಿ ಬೆಳೆದ ಕಣ್ಣಿಗೆ ದೇಹದಿಂದ ಬೇರೆಯಾದ ಬುರುಡೆ ಕೊಲೆಯಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಬುರುಡೆ ಬೇರೆಯಾಗಲು ಕತ್ತಿಯೇ ಬೇಕೆಂದಿಲ್ಲ.

ತಲೆ ಕಡಿದದ್ದೋ, ಕಳಚಿದ್ದೋ

ದೇಹ ಕೊಳೆಯುವಾಗ ಎಲ್ಲ ಕೀಲುಗಳೂ ಒಮ್ಮೆಗೇ ಬಿಡುವುದಿಲ್ಲ. ಕೈಬೆರಳುಗಳು, ಪಾದದ ಮುಂಭಾಗ, ಕುತ್ತಿಗೆಯ ಕೆಲವು ಕೀಲುಗಳು ಬೇಗ ಸಡಿಲವಾಗುತ್ತವೆ. ಸೊಂಟ, ಮೊಣಕಾಲು, ಬೆನ್ನಿನ ಕೆಳಭಾಗ ಬಹುಕಾಲ ಹಿಡಿದುಕೊಂಡಿರುತ್ತವೆ. ಹೆಣ ಇಟ್ಟ ಗುಂಡಿಯಲ್ಲಿ ಖಾಲಿ ಜಾಗವಿದ್ದರೆ, ಅಂದರೆ ಕಲ್ಲುಚಪ್ಪಡಿಯ ಪೆಟ್ಟಿಗೆಯಂಥ ಗೋರಿಯಾಗಿದ್ದರೆ, ಕುತ್ತಿಗೆ ಸಡಿಲವಾದ ಮೇಲೆ ಬುರುಡೆ ಉರುಳಿ ಪಕ್ಕಕ್ಕೆ ಬೀಳಬಹುದು. ಇಲಿ, ಹೆಗ್ಗಣ, ನರಿ ಎಳೆದಿರಬಹುದು. ಚಾವಣಿಯ ಕಲ್ಲು ಕುಸಿದು ತಳ್ಳಿರಬಹುದು.

ಇನ್ನು ನಮ್ಮ ಕರಿಮಣ್ಣು. ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಾಯಿಬಿಡುವ ಈ ಮಣ್ಣು ತನ್ನೊಳಗಿನ ವಸ್ತುಗಳನ್ನು ವರ್ಷವರ್ಷವೂ ಅಷ್ಟಷ್ಟೇ ಸರಿಸುತ್ತದೆ. ಸುಣ್ಣದ ಅಂಶವಿರುವ ಕಾರಣ ಎಲುಬನ್ನು ಉಳಿಸುವುದೂ ಇದೇ ಮಣ್ಣು. ಮಲೆನಾಡು, ಕರಾವಳಿಗಳ ಹುಳಿಮಣ್ಣಿನಲ್ಲಿ ಎಲುಬು ಬೇಗ ಕರಗುತ್ತದೆ. ಬಯಲುಸೀಮೆಯ ಮಣ್ಣು ಎಲುಬನ್ನು ಇಟ್ಟುಕೊಳ್ಳುತ್ತದೆ, ಆದರೆ ಇಟ್ಟ ಜಾಗದಲ್ಲೇ ಇಟ್ಟುಕೊಳ್ಳುತ್ತದೆಂಬ ಭರವಸೆ ಇಲ್ಲ.

ಹಾಗಿದ್ದರೆ ತಲೆ ಕಡಿದದ್ದೋ ತಾನಾಗಿ ಕಳಚಿದ್ದೋ ಎಂದು ತಿಳಿಯುವುದು ಹೇಗೆ? ಇಂದಿನ ತಜ್ಞರು ಮೊದಲು ನೋಡುವುದು ಬುರುಡೆಯನ್ನಲ್ಲ, ಕುತ್ತಿಗೆಯನ್ನು. ಮಾಂಸವಿರುವಾಗ ತಲೆ ಕಡಿದಿದ್ದರೆ ಕುತ್ತಿಗೆಯ ಮೇಲಿನ ಒಂದೆರಡು ಮಣಿಎಲುಬುಗಳು ಬುರುಡೆಯ ಜೊತೆಗೇ ಹೋಗಿರುತ್ತವೆ, ಕೆಳದವಡೆಯೂ ತನ್ನ ಜಾಗದಲ್ಲಿ ಕೂಡಿಕೊಂಡಿರುತ್ತದೆ. ಕೊಳೆತ ಮೇಲೆ ಉರುಳಿದ್ದಾದರೆ ದವಡೆ ಬೇರೆ ಕಡೆ, ಮಣಿಎಲುಬುಗಳು ಬೆನ್ನಿನ ಸಾಲಿನಲ್ಲಿ, ಬುರುಡೆ ಮಾತ್ರ ಇನ್ನೆಲ್ಲೋ. ಎರಡನೆಯದಾಗಿ ಗಾಯ. ಕತ್ತಿ ತಗುಲಿದ ಮಣಿಎಲುಬಿನ ಮೇಲೆ ನುಣುಪಾದ ಕೊರೆತವಿರುತ್ತದೆ. ದವಡೆಯ ಹಿಂಬದಿಯ ಮೂಲೆಯಲ್ಲೂ ಅದು ಸಿಗಬಹುದು. ಮೂರನೆಯದು ಬಣ್ಣ. ಜೀವವಿದ್ದಾಗ ಅಥವಾ ಸತ್ತ ಹೊಸದರಲ್ಲಿ ಮುರಿದ ಎಲುಬು ಹಸಿಕೋಲು ಮುರಿದ ಹಾಗೆ ಓರೆಯಾಗಿ ಸೀಳುತ್ತದೆ, ಸೀಳಿದ ಅಂಚು ಉಳಿದ ಎಲುಬಿನಷ್ಟೇ ಮಾಸಿರುತ್ತದೆ. ಒಣಗಿದ ಎಲುಬು ಗುದ್ದಲಿಯ ಪೆಟ್ಟಿಗೆ ಮುರಿದರೆ ತೊಗರಿಕಟ್ಟಿಗೆ ಮುರಿದಂತೆ ಒರಟಾಗಿ ತುಂಡಾಗುತ್ತದೆ, ಅಂಚು ಬೆಳ್ಳಗಿರುತ್ತದೆ.

ನಾಲ್ಕನೆಯ ಸಾಧ್ಯತೆ ಟೇಲರನ ಊಹೆಯನ್ನೇ ಅಲುಗಿಸುವಂಥದು. ದಕ್ಷಿಣ ಭಾರತದ ಬೃಹತ್‌ಶಿಲಾ ಗೋರಿಗಳ ಬಹುಪಾಲು ಹೆಣವನ್ನೇ ಹೂತ ಜಾಗಗಳಲ್ಲ. ದೇಹವನ್ನು ಬೇರೆ ಕಡೆ ಬಿಟ್ಟು, ಮಾಂಸ ಕಳಚಿದ ಮೇಲೆ ಆಯ್ದ ಎಲುಬುಗಳನ್ನು ತಂದು ಇಡುವ ಪದ್ಧತಿ ವ್ಯಾಪಕವಾಗಿತ್ತು. 1947ರಲ್ಲಿ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆದಾಗ ಕಲ್ಲುಪೆಟ್ಟಿಗೆಗಳಲ್ಲಿ ಸಿಕ್ಕಿದ್ದು ಹೀಗೆ ಆಯ್ದು ತಂದ ಬುರುಡೆ ಮತ್ತು ಉದ್ದೆಲುಬುಗಳು. ಅಂಥ ಕಡೆ ಬುರುಡೆ ದೇಹದಿಂದ ಬೇರೆಯಾಗಿರುವುದು ಕೊಲೆಯ ಗುರುತಲ್ಲ, ಮನೆಯವರು ತೋರಿದ ಗೌರವದ ಗುರುತು. ಒಂದೇ ಬುರುಡೆ, ಎರಡು ಕಥೆ. ಒಂದರಲ್ಲಿ ಕಟುಕ, ಇನ್ನೊಂದರಲ್ಲಿ ಮಗ.

ಇಷ್ಟಾದರೂ ಟೇಲರನನ್ನು ಹಗುರವಾಗಿ ಕಾಣುವ ಹಾಗಿಲ್ಲ. ಗೋರಿಗಳ ಅಡ್ಡಸೀಳಿನ ನಕ್ಷೆಗಳನ್ನು ಪದರ ಪದರವಾಗಿ ಬರೆದಿಟ್ಟವನು ಅವನು. ಬೇರೆಯವರ ಅಗೆತವನ್ನು ಸುಲಭಕ್ಕೆ ಹೊಗಳದ ವೀಲರ್ ನೂರು ವರ್ಷಗಳ ಮೇಲೆ ಆ ನಕ್ಷೆಗಳನ್ನು ಮೆಚ್ಚಿ ಬರೆದ. ತೀರ್ಮಾನ ತಪ್ಪಿದರೂ ದಾಖಲೆ ಸರಿಯಿದ್ದುದರಿಂದಲೇ ಇಂದು ನಾವು ಅವನೊಡನೆ ವಾದ ಮಾಡಬಹುದು. ಎಲುಬು ಎಲ್ಲಿತ್ತು, ಯಾವ ಮಗ್ಗುಲಾಗಿತ್ತು, ಯಾವುದರ ಮೇಲೆ ಯಾವುದಿತ್ತು ಎಂಬುದು ಒಮ್ಮೆ ಕೆಡಿಸಿದರೆ ಮತ್ತೆ ಸಿಗುವುದಿಲ್ಲ.

ಎಲುಬನ್ನು ಕೇಳುವ ಕ್ರಮ

ಟೇಲರ್ ಭೀಮೆಯ ದಂಡೆಯಲ್ಲಿದ್ದ ಹೊತ್ತಿನಲ್ಲೇ, 1849ರ ನವೆಂಬರಿನಲ್ಲಿ, ಬಾಸ್ಟನ್ನಿನ ಸಿರಿವಂತ ಜಾರ್ಜ್ ಪಾರ್ಕ್‌ಮನ್ ಕಾಣೆಯಾದ. ಹಾರ್ವರ್ಡ್ ವೈದ್ಯಕೀಯ ಕಾಲೇಜಿನಲ್ಲಿ ಪ್ರಾಧ್ಯಾಪಕ ಜಾನ್ ವೆಬ್‌ಸ್ಟರನ ಕೋಣೆಯಲ್ಲಿ ದೇಹದ ತುಂಡುಗಳು, ಕುಲುಮೆಯಲ್ಲಿ ಸುಟ್ಟ ಕೃತಕ ಹಲ್ಲುಗಳು ಸಿಕ್ಕವು. ಆ ಹಲ್ಲುಗಳನ್ನು ಮಾಡಿಕೊಟ್ಟಿದ್ದ ದಂತವೈದ್ಯ ನೇಥನ್ ಕೀಪ್ ನ್ಯಾಯಾಲಯದಲ್ಲಿ ಅವನ್ನು ಗುರುತಿಸಿದ. 1850ರಲ್ಲಿ ವೆಬ್‌ಸ್ಟರ್ ಗಲ್ಲಿಗೇರಿದ. 1878ರಲ್ಲಿ ಹಾರ್ವರ್ಡಿನವನೇ ಆದ ಥಾಮಸ್ ಡ್ವೈಟ್ ಅಸ್ಥಿಪಂಜರದ ಗುರುತಿನ ಬಗ್ಗೆ ಪ್ರಬಂಧ ಬರೆದ. 1939ರಲ್ಲಿ ವಿಲ್ಟನ್ ಕ್ರೋಗ್‌ಮನ್ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐಗಾಗಿ ಕೈಪಿಡಿ ಸಿದ್ಧಪಡಿಸಿದ. ಕಸುಬು ಹೀಗೆ ಬೆಳೆಯಿತು.

ಕೇಳುವ ಕ್ರಮ ಸರಳ, ಆದರೆ ಹಂತ ಬಿಡುವಂತಿಲ್ಲ. ಮೊದಲು, ಇದು ಎಲುಬೇ? ಎಲುಬಾದರೆ ಮನುಷ್ಯರದೇ? ಕುರಿ, ನಾಯಿ, ಎಮ್ಮೆಗಳ ಎಲುಬು ಠಾಣೆಗೆ ಬರುವುದು ಸಾಮಾನ್ಯ. ಎಷ್ಟು ಜನರದು? ವಯಸ್ಕರ ದೇಹದಲ್ಲಿ 206 ಎಲುಬು. ರಾಶಿಯಲ್ಲಿ ಎಡದ ತೊಡೆಯೆಲುಬು ಮೂರಿದ್ದರೆ ಕಡಿಮೆಯೆಂದರೆ ಮೂವರು. ಎಷ್ಟು ಹಳೆಯದು? ಮಣ್ಣಿನ ಪದರ, ಜೊತೆಗೆ ಸಿಕ್ಕ ವಸ್ತು, ಎಲುಬಿನಲ್ಲಿ ಉಳಿದ ಜಿಡ್ಡು ನೋಡುತ್ತಾರೆ. 1950ರ ದಶಕದಿಂದ 1960ರ ದಶಕದ ಆರಂಭದವರೆಗೆ ನಡೆದ ಅಣುಬಾಂಬ್ ಪರೀಕ್ಷೆಗಳು ಗಾಳಿಯಲ್ಲಿ ವಿಕಿರಣಶೀಲ ಇಂಗಾಲವನ್ನು ಹೆಚ್ಚಿಸಿದವು. ಅದಾದ ಮೇಲೆ ಬದುಕಿದ್ದ ಎಲ್ಲರ ದೇಹದಲ್ಲೂ ಅದರ ಗುರುತಿದೆ, ಮೊದಲೇ ಸತ್ತವರಲ್ಲಿ ಇಲ್ಲ.

ಗಂಡೋ ಹೆಣ್ಣೋ ಎಂಬುದಕ್ಕೆ ಸೊಂಟದ ಎಲುಬಿನಷ್ಟು ಒಳ್ಳೆಯ ಸಾಕ್ಷಿ ಬೇರೆ ಇಲ್ಲ. ಹೆರಿಗೆಗಾಗಿ ಅಗಲವಾದ ಹೆಣ್ಣಿನ ಸೊಂಟದಲ್ಲಿ ಮುಂಭಾಗದ ಕೋನ ಅಗಲ, ಹಿಂಭಾಗದ ಕಚ್ಚು ತೆರೆದದ್ದು. ಬುರುಡೆಯಲ್ಲಿ ಹುಬ್ಬಿನ ದಿಂಡು, ಕಿವಿಯ ಹಿಂದಿನ ಗುಬಟು, ಹಿಂದಲೆಯ ಏಣು ಗಂಡಸರಲ್ಲಿ ಸಾಮಾನ್ಯವಾಗಿ ಒರಟು. ಮಕ್ಕಳಲ್ಲಿ ಈ ಯಾವ ವ್ಯತ್ಯಾಸವೂ ಮೂಡಿರುವುದಿಲ್ಲ. ಬರಿಯ ಎಲುಬು ನೋಡಿ ಮಗು ಗಂಡೆಂದೋ ಹೆಣ್ಣೆಂದೋ ಹೇಳಿದರೆ ನಂಬಬೇಡಿ. ಅದೇ ಮಕ್ಕಳ ವಯಸ್ಸು ಮಾತ್ರ ಬಹಳ ನಿಖರವಾಗಿ ಸಿಗುತ್ತದೆ, ಏಕೆಂದರೆ ಹಲ್ಲು ಹುಟ್ಟುವುದಕ್ಕೆ ಕಾಲಪಟ್ಟಿ ಇದೆ. 1990ರ ದಶಕದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಸುರಪುರ ಸೀಮೆಯ ಬೂದಿಹಾಳದಲ್ಲಿ ನವಶಿಲಾಯುಗದ ಬೂದಿದಿಬ್ಬ ಅಗೆದಾಗ ಮನೆಗಳ ಆಸುಪಾಸಿನಲ್ಲೇ ಹೂತ ಮಕ್ಕಳು ಸಿಕ್ಕರು. ಅವರ ಎಲುಬುಗಳ ಅಧ್ಯಯನದಲ್ಲಿ ಅದೇ ಕಾಲೇಜಿನ ಎಸ್. ಆರ್. ವಾಳಿಂಬೆ ಕೈಜೋಡಿಸಿದರು. ದನ ಕಾಯುತ್ತಿದ್ದ ಆ ಜನ ಹೋದ ಮಗುವನ್ನು ಊರಾಚೆ ಬಿಡದೆ ಮನೆಯ ಬಳಿಯೇ ಇರಿಸಿಕೊಂಡರು ಎಂಬುದು ತಿಳಿದದ್ದು ಹೀಗೆ.

ಹರೆಯದವರ ವಯಸ್ಸಿಗೆ ಉದ್ದೆಲುಬುಗಳ ತುದಿ ಬೆಸೆದುಕೊಂಡಿದೆಯೇ ಎಂದು ನೋಡುತ್ತಾರೆ. ಎಲ್ಲಕ್ಕಿಂತ ಕೊನೆಗೆ ಬೆಸೆಯುವುದು ಕೊರಳೆಲುಬಿನ ಎದೆಯ ಕಡೆಯ ತುದಿ, ಸುಮಾರು ಇಪ್ಪತ್ತರ ಕೊನೆಯ ವರ್ಷಗಳಲ್ಲಿ. ಅದಾದ ಮೇಲೆ ಉಳಿಯುವುದು ಸವಕಳಿಯ ಲೆಕ್ಕ. ವಯಸ್ಸಾದಷ್ಟೂ ಅಂದಾಜು ಸಡಿಲ. 30 ದಾಟಿದವರ ವಯಸ್ಸನ್ನು ಒಂದೇ ಅಂಕಿಯಲ್ಲಿ ಹೇಳುವವರು ಎಲುಬಿಗಿಂತ ಹೆಚ್ಚು ಮಾತಾಡುತ್ತಿದ್ದಾರೆಂದೇ ಅರ್ಥ.

ಎತ್ತರಕ್ಕೆ ತೊಡೆಯೆಲುಬು. ಮನುಷ್ಯನ ಎತ್ತರದ ಸುಮಾರು ಕಾಲುಭಾಗಕ್ಕಿಂತ ತುಸು ಹೆಚ್ಚು ಅದರ ಉದ್ದ. 45 ಸೆಂಟಿಮೀಟರಿನ ತೊಡೆಯೆಲುಬನ್ನು 3.6ರಿಂದ ಗುಣಿಸಿದರೆ 162 ಸೆಂಟಿಮೀಟರ್, 3.8ರಿಂದ ಗುಣಿಸಿದರೆ 171. ಯಾವ ಅಂಕಿಯಿಂದ ಗುಣಿಸಬೇಕು? ಯಾವ ಸೀಮೆಯ ಜನರನ್ನು ಅಳೆದು ಆ ಅಂಕಿ ಕಟ್ಟಿದ್ದಾರೆ ಎಂಬುದರ ಮೇಲೆ ಅದು ನಿಲ್ಲುತ್ತದೆ. ಬಂಗಾಳದವರನ್ನೋ ಅಮೆರಿಕದ ಸೈನಿಕರನ್ನೋ ಅಳೆದು ಕಟ್ಟಿದ ಸೂತ್ರ ಸೇಡಮ್ಮಿನ ಕೂಲಿಕಾರನಿಗೆ ಹೊಂದಬೇಕೆಂದಿಲ್ಲ. ಒಂಬತ್ತು ಸೆಂಟಿಮೀಟರ್ ಎಂದರೆ ಮೂರೂವರೆ ಇಂಚು. ಕಾಣೆಯಾದವರ ಪಟ್ಟಿಯಿಂದ ಒಬ್ಬನ ಹೆಸರು ಹೊಡೆದುಹಾಕಲು ಅಷ್ಟು ಸಾಕು.

ಈ ಅಳತೆಗೋಲುಗಳು ಎಲ್ಲಿಂದ ಬಂದವು ಎಂಬುದೂ ಯೋಚಿಸಬೇಕಾದ ಸಂಗತಿ. ಕ್ಲೀವ್‌ಲ್ಯಾಂಡಿನಲ್ಲಿ ಟಿ. ವಿಂಗೇಟ್ ಟಾಡ್ 1920ರಲ್ಲಿ ಸೊಂಟದ ಎಲುಬಿನಿಂದ ವಯಸ್ಸು ಹೇಳುವ ಕ್ರಮ ರೂಪಿಸಿದ. ಅವನ ಸಂಗ್ರಹದಲ್ಲಿದ್ದ ಅಸ್ಥಿಪಂಜರಗಳು ಮೂರು ಸಾವಿರಕ್ಕೂ ಮಿಕ್ಕಿದವು. ಬಹುಪಾಲು ವಾರಸುದಾರರಿಲ್ಲದ ಬಡವರವು. ಜಗತ್ತಿನ ವೈದ್ಯಕೀಯ ಕಾಲೇಜುಗಳಲ್ಲಿ ತೂಗುಹಾಕಿದ ಎಷ್ಟೋ ಅಸ್ಥಿಪಂಜರಗಳು ಕೋಲ್ಕತ್ತದಿಂದ ಹೋದವು; 1985ರಲ್ಲಿ ಭಾರತ ಸರ್ಕಾರ ಈ ರಫ್ತನ್ನು ನಿಲ್ಲಿಸಿತು. ಹೆಸರು ಹುಡುಕುವ ವಿದ್ಯೆ ಕಲಿತದ್ದು ಹೆಸರು ಕಳೆದುಕೊಂಡವರ ಮೈಮೇಲೆ.

ಎಲುಬಿಗೆ ಗೊತ್ತಿಲ್ಲದ್ದು

ಎಲುಬಿನಲ್ಲಿ ದುಡಿಮೆ ಉಳಿಯುತ್ತದೆ. ಕುಕ್ಕರಗಾಲಲ್ಲಿ ದಿನವಿಡೀ ಕೂತು ಕಲ್ಲು ಸೀಳುವವರ, ಕಳೆ ತೆಗೆಯುವವರ, ಒಲೆಯ ಮುಂದೆ ಕೂಡುವವರ ಹಿಮ್ಮಡಿಯ ಕೀಲಿನ ಮುಂದೆ ಒಂದು ಸಣ್ಣ ನುಣುಪು ಮುಖ ಮೂಡುತ್ತದೆ. ಕುರ್ಚಿಯಲ್ಲಿ ಕೂತು ಬೆಳೆದವರಲ್ಲಿ ಅದು ಅಪರೂಪ. ಎಲುಬಿನ ಮೇಲೆ ದುಡಿಮೆ ಬಿಡುವ ಗುರುತುಗಳ ಬಗ್ಗೆ ವ್ಯವಸ್ಥಿತವಾಗಿ ಬರೆದವರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಕೆನೆತ್ ಎ. ಆರ್. ಕೆನಡಿ ಮುಖ್ಯರು. ಅವರು ವಿಧಿವಿಜ್ಞಾನಿ, ಜೊತೆಗೆ ದಕ್ಷಿಣ ಏಷ್ಯಾದ ಪ್ರಾಚೀನ ಎಲುಬುಗಳ ಬಹುದೊಡ್ಡ ತಜ್ಞ. ಆದರೆ ಹಿಮ್ಮಡಿಯ ಆ ಮುಖ ‘ಈತ ಶಹಾಬಾದ್ ಫರಸಿ ತೆಗೆಯುತ್ತಿದ್ದ’ ಎಂದು ಹೇಳುವುದಿಲ್ಲ. ‘ಕುಕ್ಕರಗಾಲಲ್ಲಿ ಕೂರುತ್ತಿದ್ದ’ ಎಂದಷ್ಟೇ ಹೇಳುತ್ತದೆ.

ಅದೇ ಕೆನಡಿ 1975ರಲ್ಲಿ ದಕ್ಷಿಣ ಭಾರತ, ಶ್ರೀಲಂಕಾಗಳ ಬೃಹತ್‌ಶಿಲಾ ಗೋರಿಗಳ ಎಲುಬುಗಳನ್ನು ಕುರಿತು ಪುಸ್ತಕ ಬರೆದರು. ಗೋರಿ ಕಟ್ಟಿದ ಒಂದೇ ಜನಾಂಗ ಎಲ್ಲಿಂದಲೋ ಬಂದಿತೆಂಬ ಮಾತಿಗೆ ಎಲುಬುಗಳ ಬೆಂಬಲವಿಲ್ಲ. ಟೇಲರನ ಸಿಥಿಯನ್ನರು ಅಲ್ಲಿಗೆ ಮುಗಿದರು. ಮೂಗಿನ ಅಗಲ ಅಳೆದು ಜಾತಿಗೊಂದು ಜನಾಂಗ ಹಚ್ಚಿದ ವಸಾಹತು ಕಾಲದ ಅಧಿಕಾರಿಗಳ ಲೆಕ್ಕವೂ ಅದೇ ದಾರಿ ಹಿಡಿದಿದೆ. ಎಲುಬಿಗೆ ಜಾತಿ ಗೊತ್ತಿಲ್ಲ, ಧರ್ಮ ಗೊತ್ತಿಲ್ಲ, ಭಾಷೆ ಗೊತ್ತಿಲ್ಲ.

ಈ ಮಾತಿನ ಭಾರ ನಮ್ಮ ಸೀಮೆಯವರಿಗೆ ಬೇರೆಯವರಿಗಿಂತ ಹೆಚ್ಚು ತಿಳಿಯಬೇಕು. ಸೇಡಂ, ಚಿತ್ತಾಪುರ, ಚಿಂಚೋಳಿಗಳೆಲ್ಲ ನಿಜಾಮನ ಆಡಳಿತದಲ್ಲಿದ್ದವು. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರಟಾದಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡ ನಮ್ಮ ನೆನಪಿನಲ್ಲಿದೆ. ಅದೇ ವರ್ಷ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ವೇಳೆಯಲ್ಲೂ ಅದಾದ ಮೇಲೂ ಮುಸ್ಲಿಮರ ಮೇಲೆ ನಡೆದ ಹಿಂಸೆಯನ್ನು ಪಂಡಿತ ಸುಂದರಲಾಲ್ ಸಮಿತಿ ಊರೂರು ಸುತ್ತಿ ದಾಖಲಿಸಿತು. ಸಂಸ್ಥಾನದಲ್ಲಿ ಒಟ್ಟು 27,000ದಿಂದ 40,000 ಜನ ಸತ್ತಿರಬಹುದೆಂದು ಅದರ ಅಂದಾಜು. ಹೆಚ್ಚು ನಷ್ಟಕ್ಕೊಳಗಾದ ನಾಲ್ಕು ಜಿಲ್ಲೆಗಳಾಗಿ ಅದು ಹೆಸರಿಸಿದ್ದು ಉಸ್ಮಾನಾಬಾದ್, ಗುಲಬರ್ಗಾ, ಬೀದರ್, ನಾಂದೇಡ. ಹೆಣ ಹಾಕಿದ ಬಾವಿಗಳ ಮಾತೂ ಆ ವರದಿಯಲ್ಲಿದೆ. ವರದಿ ಸಾರ್ವಜನಿಕರ ಕೈಗೆ ಬರಲು ದಶಕಗಳೇ ಬೇಕಾದವು.

ನಾಳೆ ಹೂಳೆತ್ತುವಾಗ ಯಾವುದೋ ಹಳೆಯ ಬಾವಿಯಲ್ಲಿ ಎಲುಬು ಸಿಕ್ಕಿತೆಂದುಕೊಳ್ಳಿ. ‘ನಮ್ಮವರು’ ಎಂದು ಎರಡೂ ಕಡೆಯಿಂದ ಕೂಗು ಏಳುತ್ತದೆ. ಎಲುಬು ಯಾರ ಪರವಾಗಿಯೂ ಕೂಗುವುದಿಲ್ಲ. ಎಷ್ಟು ಜನ, ಎಷ್ಟು ವಯಸ್ಸು, ಹೆಂಗಸರೆಷ್ಟು, ಗುಂಡೇಟೋ ಕತ್ತಿಯೋ, ಅಣುಪರೀಕ್ಷೆಗಳಿಗೆ ಮೊದಲಿನವರೋ ಆಮೇಲಿನವರೋ, ಇಷ್ಟನ್ನು ಹೇಳಬಲ್ಲದು. ಆಗ ಆತುರ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಪಂಜಾಬಿನ ಅಜ್ನಾಲಾ ಉದಾಹರಣೆ. 1857ರ ಆಗಸ್ಟಿನಲ್ಲಿ 26ನೇ ಬೆಂಗಾಲ್ ನೇಟಿವ್ ಇನ್‌ಫೆಂಟ್ರಿಯ 282 ಸಿಪಾಯಿಗಳನ್ನು ಕೊಂದು ಅಲ್ಲಿಯ ಬಾವಿಗೆ ಹಾಕಿಸಿದ್ದಾಗಿ ಅಂದಿನ ಜಿಲ್ಲಾಧಿಕಾರಿ ಫ್ರೆಡರಿಕ್ ಕೂಪರ್ ತಾನೇ ಪುಸ್ತಕದಲ್ಲಿ ಬರೆದುಕೊಂಡಿದ್ದ. 2014ರಲ್ಲಿ ಉತ್ಸಾಹಿಗಳು ಬಾವಿಯನ್ನು ತಾವೇ ಅಗೆದರು. ಎಲುಬುಗಳು ಒಡೆದವು, ಒಂದರೊಡನೊಂದು ಬೆರೆತವು. ಇವರು 1947ರ ವಿಭಜನೆಯ ಗಲಭೆಯಲ್ಲಿ ಸತ್ತವರು ಎಂಬ ವಾದವೂ ಎದ್ದಿತು. ಪಂಜಾಬ್ ವಿಶ್ವವಿದ್ಯಾಲಯದ ಮಾನವಶಾಸ್ತ್ರಜ್ಞ ಜೆ. ಎಸ್. ಸೆಹ್ರಾವತ್ ಮತ್ತು ಹೈದರಾಬಾದಿನ ಸಿಸಿಎಂಬಿಯ ವಿಜ್ಞಾನಿಗಳು ಸೇರಿ 50 ಮಾದರಿಗಳ ಡಿಎನ್ಎ, 85 ಮಾದರಿಗಳ ಆಮ್ಲಜನಕ ಐಸೋಟೋಪು ಪರೀಕ್ಷಿಸಿ 2022ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಾಲ್ಯದಲ್ಲಿ ಕುಡಿದ ನೀರಿನ ಗುರುತು ಹಲ್ಲಿನಲ್ಲಿ ಉಳಿದಿರುತ್ತದೆ. ಈ ಜನ ಪಂಜಾಬಿನವರಲ್ಲ, ಗಂಗಾ ಬಯಲಿನವರು. ಕೂಪರನ ದಾಖಲೆಗೆ ಅದು ಹೊಂದಿತು. ಸತ್ಯ ಸಿಕ್ಕಿತು, ಆದರೆ ಯಾವ ಬುರುಡೆ ಯಾವ ತೋಳಿನದು ಎಂಬುದು ಬಾವಿಯ ಕೆಸರಿನಲ್ಲಿಯೇ ಹೋಯಿತು.

ಇನ್ನರ್ಧ ಮನೆಯಲ್ಲಿದೆ

ಚಿತ್ತಾಪುರ ತಾಲ್ಲೂಕಿನ ಕನಗನಹಳ್ಳಿಯ ಬೌದ್ಧ ಸ್ತೂಪವನ್ನು ಭಾರತೀಯ ಪುರಾತತ್ವ ಇಲಾಖೆ 1994ರಿಂದ ಅಗೆದಾಗ ಒಂದು ಸುಣ್ಣಕಲ್ಲಿನ ಚಪ್ಪಡಿ ಸಿಕ್ಕಿತು. ರಾಜನೊಬ್ಬನ ಚಿತ್ರ, ಪಕ್ಕದಲ್ಲಿ ಬ್ರಾಹ್ಮಿ ಲಿಪಿಯಲ್ಲಿ ‘ರಾಯೋ ಅಸೋಕೋ’ ಎಂಬ ಹೆಸರು. ಆ ಎರಡು ಪದ ಇಲ್ಲದಿದ್ದರೆ ಅವನು ಯಾವನೋ ಒಬ್ಬ ರಾಜನಾಗಿರುತ್ತಿದ್ದ. ಮಳಖೇಡದ ರಾಷ್ಟ್ರಕೂಟರ ಕೊನೆಯ ಕುಡಿ ನಾಲ್ಕನೆಯ ಇಂದ್ರ 982ರಲ್ಲಿ ಶ್ರವಣಬೆಳಗೊಳದಲ್ಲಿ ಸಲ್ಲೇಖನದಿಂದ ಪ್ರಾಣ ಬಿಟ್ಟನೆಂದು ಅಲ್ಲಿಯ ಶಾಸನ ಹೇಳುತ್ತದೆ. ಅವನ ಎಲುಬು ಯಾರೂ ಕಂಡಿಲ್ಲ, ಹೆಸರು ಉಳಿದಿದೆ. ತುರುಗೋಳಿನಲ್ಲಿ ಸತ್ತ ಸಾಮಾನ್ಯನಿಗೂ ನಮ್ಮ ಹಿರಿಯರು ಹೆಸರು ಬರೆಸಿ ವೀರಗಲ್ಲು ನೆಟ್ಟರು. ಸತ್ತವನ ಹೆಸರು ಕಲ್ಲಿಗೆ ಸೇರಬೇಕೆಂಬ ಹಟ ಈ ನಾಡಿನಲ್ಲಿ ಹಳೆಯದು.

ಎಲುಬಿನ ಪಕ್ಕದಲ್ಲಿ ಹೆಸರು ಕೆತ್ತಿರುವುದಿಲ್ಲ. ಹೆಸರು ಮನೆಯಲ್ಲಿರುತ್ತದೆ. ಅಸ್ವಾಭಾವಿಕ ಸಾವಿನ ವಿಚಾರಣೆಗೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಸೆಕ್ಷನ್ ಇದೆ. 2024ರ ಜುಲೈವರೆಗೆ ಅದು ಸಿಆರ್‌ಪಿಸಿಯ 174 ಆಗಿತ್ತು. ಎಲುಬು ವೈದ್ಯರ ಮೇಜಿಗೆ, ಅಲ್ಲಿಂದ ಪ್ರಯೋಗಾಲಯಕ್ಕೆ ಹೋಗುತ್ತದೆ. ತೊಡೆಯೆಲುಬಿನಿಂದ, ಹಲ್ಲಿನಿಂದ, ಕಿವಿಯ ಒಳಗಿನ ಗಟ್ಟಿ ಎಲುಬಿನಿಂದ ಡಿಎನ್ಎ ತೆಗೆಯುತ್ತಾರೆ. ಅದನ್ನು ಯಾರ ರಕ್ತಕ್ಕೆ ಹೋಲಿಸಬೇಕು? ಅಲ್ಲಿಗೆ ವಿಜ್ಞಾನ ಬಾಗಿಲಲ್ಲಿ ನಿಲ್ಲುತ್ತದೆ. ಪಾರ್ಕ್‌ಮನ್ನನಿಗೆ ಸ್ವಂತ ದಂತವೈದ್ಯನಿದ್ದ. ಚಿಂಚೋಳಿ ತಾಂಡಾದಿಂದ ಮುಂಬೈಗೋ ಪುಣೆಗೋ ಹೈದರಾಬಾದಿಗೋ ಗುಳೆ ಹೋದವನ ಹಲ್ಲಿನ ಎಕ್ಸ್‌ರೇ ಯಾರ ಬಳಿಯೂ ಇರುವುದಿಲ್ಲ. ಬಿಹಾರದಿಂದ ಬಂದು ವಾಡಿ, ಸೇಡಂಗಳ ಸಿಮೆಂಟ್ ಕಾರ್ಖಾನೆಗಳಲ್ಲಿ ದುಡಿಯುವವನ ಮನೆಯವರಿಗೆ ನಮ್ಮ ಕನ್ನಡ ಪತ್ರಿಕೆಯ ಸುದ್ದಿ ಮುಟ್ಟುವುದಿಲ್ಲ. ಇಲ್ಲಿಯ ಎಲುಬಿನ ವಾರಸುದಾರರು ಅಲ್ಲಿ, ಅಲ್ಲಿಯ ಎಲುಬಿನ ವಾರಸುದಾರರು ಇಲ್ಲಿ.

ಹಾಗೆಂದು ಬಡವರ ಬಳಿ ದಾಖಲೆಯೇ ಇಲ್ಲವೆಂದಲ್ಲ. ಅದು ತಾಯಿಯ ನೆನಪಿನಲ್ಲಿರುತ್ತದೆ. ಹುಡುಗನಾಗಿದ್ದಾಗ ಬೇವಿನ ಮರದಿಂದ ಬಿದ್ದು ಎಡಗೈ ಮುರಿದದ್ದು, ನಾಟಿ ವೈದ್ಯರು ಬಿದಿರುಪಟ್ಟಿ ಕಟ್ಟಿದ್ದು, ಕೈ ತುಸು ಸೊಟ್ಟಗೇ ಕೂಡಿದ್ದು. ಆ ಸೊಟ್ಟು ಎಲುಬಿನಲ್ಲಿ ಸಾಯುವತನಕವೂ, ಸತ್ತ ಮೇಲೂ ಇರುತ್ತದೆ. ಮುಂದಿನ ಹಲ್ಲಿನ ಸಂದು, ಎಳವೆಯಲ್ಲಿ ಕಿತ್ತಿಸಿದ ದವಡೆಹಲ್ಲು, ಕುಂಟಿ ನಡೆದ ಕಾಲು, ಅಪಘಾತವಾದಾಗ ಹಾಕಿಸಿದ ರಾಡು, ಇವೆಲ್ಲ ಗುರುತು. ರಾಡಿನ ಮೇಲೆ ಹಲವು ವೇಳೆ ಸಂಖ್ಯೆಯೂ ಇರುತ್ತದೆ. ಕಾಣೆಯಾದವರ ದೂರು ಬರೆಸುವಾಗ ಅಂಗಿಯ ಬಣ್ಣದ ಜೊತೆಗೆ ಇವನ್ನೂ ಬರೆಸಬೇಕು. ಅಂಗಿ ಎರಡು ಮಳೆಗಾಲ ತಾಳುವುದಿಲ್ಲ.

ಇಲ್ಲದಿದ್ದರೆ ಆಗುವುದೇನು? ಏಳು ವರ್ಷ ಸುದ್ದಿಯಿಲ್ಲದವನನ್ನು ಸತ್ತನೆಂದು ಭಾವಿಸಲು ಸಾಕ್ಷ್ಯದ ಕಾಯಿದೆ ಅವಕಾಶ ಕೊಡುತ್ತದೆ. ಆ ಏಳು ವರ್ಷ ಅವನ ಹೆಂಡತಿ ಮುತ್ತೈದೆಯೂ ಅಲ್ಲ, ವಿಧವೆಯೂ ಅಲ್ಲ. ವಿಧವಾ ವೇತನಕ್ಕೆ ಮರಣ ಪ್ರಮಾಣಪತ್ರ ಬೇಕು, ಪಹಣಿಯಲ್ಲಿ ಹೆಸರು ಬದಲಾಗಲೂ ಅದೇ ಬೇಕು. ಕುಂಕುಮ ಇಡಲೋ ಬಿಡಲೋ ಎಂಬ ಪ್ರಶ್ನೆಗೆ ತಹಶೀಲ್ದಾರ ಕಚೇರಿಯಲ್ಲಿ ಅರ್ಜಿ ನಮೂನೆಯಿಲ್ಲ. ಅರ್ಜೆಂಟೀನಾದಲ್ಲಿ ಸೇನಾಡಳಿತ ಕಾಣೆಯಾಗಿಸಿದವರ ತಾಯಂದಿರು ಕೇಳಿದ್ದೂ ಇದನ್ನೇ. 1984ರಲ್ಲಿ ಕ್ಲೈಡ್ ಸ್ನೋ ಅಲ್ಲಿಗೆ ಹೋಗಿ ವಿದ್ಯಾರ್ಥಿಗಳ ಗುಂಪೊಂದಕ್ಕೆ ಗೋರಿ ಅಗೆಯುವುದನ್ನು ಕಲಿಸಿದ. ಆ ತಂಡ ಮುಂದೆ ಹಲವಾರು ದೇಶಗಳಲ್ಲಿ ಕೆಲಸ ಮಾಡಿತು. ಅವರ ಅಗೆತದಲ್ಲಿ ಜೆಸಿಬಿಗಿಂತ ಕುಂಚ, ಜರಡಿ, ಸುತ್ತಳತೆಯ ದಾರಗಳಿಗೆ ಹೆಚ್ಚಿನ ಕೆಲಸ.

ನಮ್ಮ ಸೀಮೆಯಲ್ಲಿ ನೆಲ ಅಗೆಯುವ ಕೆಲಸ ನಿಲ್ಲುವುದಿಲ್ಲ. ಶಹಾಬಾದಿನಲ್ಲಿ ಫರಸಿಗೆ, ವಾಡಿ ಸೇಡಂಗಳಲ್ಲಿ ಸಿಮೆಂಟಿಗೆ, ಊರೂರಲ್ಲಿ ಪಾಯಕ್ಕೆ ನೆಲ ತೆರೆಯುತ್ತಲೇ ಇರುತ್ತದೆ. ಎಲುಬು ಕಂಡಾಗ ಕೈ ತಡೆದು, ಇದ್ದಲ್ಲೇ ಬಿಟ್ಟು, ಠಾಣೆಗೆ ತಿಳಿಸಿ, ಅದು ಇದ್ದ ರೀತಿಯ ಫೋಟೊ ತೆಗೆದಿಟ್ಟರೆ ಅರ್ಧ ಕೆಲಸ ಮುಗಿದಂತೆ. ಅದು ಎರಡೂವರೆ ಸಾವಿರ ವರ್ಷದ ಹಿಂದಿನ ಯಾರದೋ ಅಜ್ಜಿಯಿರಬಹುದು, ಕಳೆದ ವರ್ಷದ ಉಗಾದಿಗೆ ಮನೆಗೆ ಬಾರದ ಯಾರದೋ ಮಗನಿರಬಹುದು. ಯಾರೆಂದು ಗುದ್ದಲಿ ಹಿಡಿದವನಿಗೆ ಆ ಕ್ಷಣಕ್ಕೆ ತಿಳಿಯುವುದಿಲ್ಲ. ಇಬ್ಬರಿಗೂ ಬೇಕಾದ ಎಚ್ಚರ ಒಂದೇ.